ಹಳ್ಳದಾಚೆಯ ತಿಪ್ಪೆ

ಮದುವೆಯಾಗಿ ಗಂಡನ ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ಹಿತ್ತಲ ಬಾವಿಯ ನೀರನ್ನು ಬಾಯಿಗೆ ಹಾಕಿಕೊಂಡು ಎಲ್ಲರ ಎದುರಿಗೇ ಉಗುಳಿದ್ದು. ಹುಟ್ಟಿ ಬೆಳೆದದ್ದು ಹಮ್ಮಿಗಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಬೇಸಿಗೆಯಲ್ಲೂ ಮರಳಿನಲ್ಲಿ ಒರತೆ ತೋಡಿ ಸಿಹಿನೀರು ಕುಡಿದವಳಿಗೆ, ನೀರು ಉಪ್ಪಗೂ ಇರಬಹುದೆಂದು ಯಾರೂ ಹೇಳಿ ಕಳಿಸಿರಲಿಲ್ಲ. ಹೊಸ ಸೊಸೆ ಉಗುಳಿದ್ದನ್ನು ಕಂಡು ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ಅತ್ತೆ ಮಾತ್ರ ನಕ್ಕುಬಿಟ್ಟರು. "ಅದು ಅರಬಿ ಒಗ್ಯಾಕ ಇಟ್ಟ ನೀರವಾ. ಕುಡಿಯೋದು ಹಳ್ಳದ ಆಚೀಕ ಐತಿ, ಕೊಡ ತಗೊಂಡು ನಡಿ" ಎಂದು ನನ್ನ ಕೈಗೊಂದು ತಾಮ್ರದ ಕೊಡ ಕೊಟ್ಟರು.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನನ್ನ ಬಳಗ ಇನ್ನೂ ಇದೆ, ಕಸದ ವಿಷಯಕ್ಕೆ ಹೆಸರು ಬರುವುದು ಯಾವ ಊರಿಗೂ ಇಷ್ಟವಾಗುವುದಿಲ್ಲ. ಗದಗಿನಿಂದ ಶಿರಹಟ್ಟಿ ಕಡೆ ಹೋಗುವ ಬಸ್ಸು ಒಂದು ಗಳಿಗೆ ನಿಂತು ಹೋಗುತ್ತಿದ್ದ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನು, ವಾರದ ಸಂತೆ ಮತ್ತು ಒಂದು ಪುರಸಭೆ ಇದ್ದ ಸಣ್ಣ ಪೇಟೆ ಎಂದರೆ ಸಾಕು. ನಮ್ಮ ಓಣಿ ಊರಿನ ಕೊನೆಗಿತ್ತು. ಓಣಿ ಮುಗಿದರೆ ಹಳ್ಳ. ಹಳ್ಳದ ಈಚೆ ಮುಂಬೈ ಸರಕಾರದ ಸೀಮೆ, ಆಚೆ ಸಂಸ್ಥಾನದ ಸೀಮೆ. ನಡುವೆ ಮೊಣಕಾಲುದ್ದ ನೀರೂ ಇಲ್ಲದ ಹಳ್ಳ, ಅದರ ದಂಡೆಯ ಮೇಲೆ ಗಡಿ ತೋರಿಸುವ ಒಂದು ಹದ್ದಿನ ಕಲ್ಲು. ಸಿಹಿನೀರಿನ ಬಾವಿ ಸಂಸ್ಥಾನದ ಕಡೆಗಿತ್ತು. ಹೀಗಾಗಿ ನಮ್ಮ ಓಣಿಯ ಹೆಂಗಸರೆಲ್ಲ ದಿನ ಬೆಳಗಾದರೆ ಕೊಡ ಹೊತ್ತು ಪರರಾಜ್ಯಕ್ಕೆ ಹೋಗಿ ಬರುತ್ತಿದ್ದೆವು. ದೇಶಕ್ಕೆ ಸ್ವಾತಂತ್ರ್ಯ ಬಂದು ಸ್ವಲ್ಪ ದಿನವಾಗಿತ್ತಷ್ಟೆ. ಸಂಸ್ಥಾನಗಳು ಇನ್ನೂ ಕರಗಿರಲಿಲ್ಲ.

ಆ ಬಾವಿ ಒಬ್ಬ ಅಜ್ಜನ ಹೊಲದಲ್ಲಿತ್ತು. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಮಾಡಿಕೊಡುವುದು, ಉಳಿದ ಕಾಲಕ್ಕೆ ಬೇಸಾಯ, ಇದು ಅವನ ಕಸುಬು. ಬೆಳಗಿನ ನಮಾಜು ಮುಗಿಸಿ ಬಾವಿಗಟ್ಟೆಯ ಸುತ್ತ ಕಸ ಗುಡಿಸುತ್ತಿದ್ದ. ನಮ್ಮಿಂದ ಒಂದು ದಿನವೂ ಏನೂ ಕೇಳಿದವನಲ್ಲ. ಹೊಸ ಸೊಸೆಯರು ಬಂದರೆ ಅವರ ತವರೂರು ಯಾವುದೆಂದು ವಿಚಾರಿಸುವುದೊಂದೇ ಅವನ ಹವ್ಯಾಸ. ನನಗೆ, "ಹೊಳಿ ನೀರು ಕುಡದಾಕಿ ನೀ. ಇದೂ ಸೇರತೈತಿ ನೋಡು" ಎಂದಿದ್ದ. ಸೇರಿತು. ಆ ನೀರಿನಲ್ಲಿ ತೊಗರಿಬೇಳೆ ಒಂದು ಕುದಿಗೇ ಬೆಣ್ಣೆಯಂತೆ ಬೇಯುತ್ತಿತ್ತು.

ನಮ್ಮ ಕೊಡಗಳ ಜೊತೆಗೆ ಇನ್ನೊಂದು ಸರಕೂ ದಿನಾಲೂ ಹಳ್ಳ ದಾಟುತ್ತಿತ್ತು. ಅದು ಊರಿನ ಕಸ. ಪುರಸಭೆಯ ಹಿರಿಯರು ಹಿಂದೆಂದೋ ಲೆಕ್ಕ ಹಾಕಿ, ಕಸವನ್ನು ನಮ್ಮ ಸೀಮೆಯಲ್ಲಿ ಚೆಲ್ಲಿದರೆ ನಮ್ಮ ಜನ ಬೈಯುತ್ತಾರೆ, ಹದ್ದಿನ ಕಲ್ಲು ದಾಟಿಸಿ ಚೆಲ್ಲಿದರೆ ಬೈಯುವವರು ಬೇರೆ ಸರಕಾರದವರಾಗುತ್ತಾರೆ ಎಂದು ಕಂಡುಹಿಡಿದಿದ್ದರು. ಅಂಥ ಬುದ್ಧಿವಂತರು. ಪುರಸಭೆಯ ಚಕ್ಕಡಿ ಬೆಳಿಗ್ಗೆ ಓಣಿ ಓಣಿ ಸುತ್ತಿ, ಹಳ್ಳ ಇಳಿದು, ಕಲ್ಲಿನಾಚೆ ಕಸ ಸುರಿದು ಬರುತ್ತಿತ್ತು. ಗಂಡ ಎತ್ತು ಹೊಡೆಯುತ್ತಿದ್ದ, ಹೆಂಡತಿ ಬುಟ್ಟಿ ಸಲಿಕೆ ಹಿಡಿದು ಹಿಂದೆ ನಡೆಯುತ್ತಿದ್ದಳು. ಊರಿನವರು ಅವಳನ್ನು ಚಕ್ಕಡಿಯಾಕಿ ಎಂದೇ ಕರೆಯುತ್ತಿದ್ದರು.

ಮೊದಮೊದಲು ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ನಮ್ಮ ಕಡೆಯ ರೈತನಿಗೆ ಕಸವೆಂದರೆ ಗೊಬ್ಬರ. ವರ್ಷಕ್ಕೊಮ್ಮೆ ಪುರಸಭೆ ಆ ರಾಶಿಯನ್ನು ಲಿಲಾವು ಮಾಡುತ್ತಿತ್ತು, ಸುತ್ತಲಿನ ಹಳ್ಳಿಯವರು ಪೈಪೋಟಿಯಿಂದ ಕೂಗಿ ಕೊಂಡು ಹೇರಿಕೊಂಡು ಹೋಗುತ್ತಿದ್ದರು. ಆದರೆ ನಾನು ಬರುವ ಹೊತ್ತಿಗೆ ಊರು ಬೆಳೆದಿತ್ತು. ಸೋಡಾ ಅಂಗಡಿ, ಚಹಾದಂಗಡಿ ಬಂದಿದ್ದವು. ಜಿನ್ನಿನಲ್ಲಿ ಹತ್ತಿಯ ಅಂಡಿಗೆ ಬಿಗಿಯುವ ಕಬ್ಬಿಣದ ಪಟ್ಟಿ, ಎಣ್ಣೆಯ ಡಬ್ಬಿ, ಒಡೆದ ಬಾಟಲಿ ಎಲ್ಲವೂ ಅದೇ ಚಕ್ಕಡಿ ಹತ್ತತೊಡಗಿದವು. ಗೊಬ್ಬರ ಹರಡುವವರು ಬರಿಗಾಲಿನ ಹೆಂಗಸರು. ಗೊಬ್ಬರ ಬಿದ್ದ ಹೊಲದಲ್ಲಿ ನಡೆಯುವುದು ಎತ್ತು. ಒಬ್ಬ ರೈತನ ಎತ್ತಿನ ಗೊರಸಿನಲ್ಲಿ ಗಾಜು ಹೊಕ್ಕು ಬಾವು ಬಂತಂತೆ, ಎತ್ತು ಮೇಲೇಳಲಿಲ್ಲವಂತೆ. ಈ ಖಬರು ಹಬ್ಬಿದ್ದೇ ತಡ, ಲಿಲಾವಿಗೆ ಒಬ್ಬನೂ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ರಾಶಿ ಬೆಳೆಯಿತು, ಬೆಳೆದು ಬಾವಿಯ ಕಡೆ ಸರಿಯತೊಡಗಿತು.

ಈ ನಡುವೆಯೇ ಸಂಸ್ಥಾನ ವಿಲೀನವಾಯಿತು. ನಮ್ಮೂರಲ್ಲಿ ಪೇಡೆ ಹಂಚಿದರು. ಈಚೆಯೂ ಆಚೆಯೂ ಒಂದೇ ಜಿಲ್ಲೆ, ಒಂದೇ ಸರಕಾರ. ಆಚೆಯ ಹಳ್ಳಿಯ ಹಿರಿಯರು ಬಂದು, ಈಗ ನಾವೂ ನೀವೂ ಒಂದೇ ಆದೆವಲ್ಲ, ನಿಮ್ಮ ಕಸ ನೀವು ಒಯ್ಯಿರಿ ಎಂದರು. ನಮ್ಮ ಅಧ್ಯಕ್ಷರು, ಕಸ ನಮ್ಮದೇ ಇರಬಹುದು, ಬಿದ್ದಿರುವುದು ನಿಮ್ಮ ಹದ್ದಿನಲ್ಲಿ, ಅಲ್ಲಿ ಕೈ ಹಾಕಲು ನಮಗೇನು ಅಧಿಕಾರ ಎಂದರು. ಇವರು ತಾಲೂಕಿನ ಕಡೆ ಕೈ ಮಾಡಿದರು, ತಾಲೂಕಿನವರು ಜಿಲ್ಲೆಯ ಕಡೆ. ಇವೆಲ್ಲಕ್ಕೂ ಒಂದು ದೊಡ್ಡ ಬೀಗದ ಕೈ ಸಿಕ್ಕಿತ್ತು: ಏಕೀಕರಣ. ಕನ್ನಡನಾಡು ಒಂದಾಗಲಿ, ಹೊಸ ಸರಕಾರ ಬರಲಿ, ಎಲ್ಲ ಸರಿಹೋಗುತ್ತದೆ. ಶಾಲೆಯ ಮಾಡು ಸೋರಿದರೂ ಏಕೀಕರಣ, ರಸ್ತೆ ಕಿತ್ತರೂ ಏಕೀಕರಣ. ನಾಡು ಒಂದಾಗಬೇಕೆಂದು ನನಗೂ ಆಸೆ ಇತ್ತು, ಪ್ರಭಾತಫೇರಿಯಲ್ಲಿ ನಾನೂ ಹಾಡಿಕೊಂಡು ಹೋಗಿದ್ದೇನೆ. ಆದರೆ ಕಸ ಅದಕ್ಕಾಗಿ ಕಾಯುತ್ತ ಕೂಡುವ ಜಾತಿಯದಲ್ಲ.

ಕೆಲವು ವರ್ಷ ಹೀಗೇ ಕಳೆದು, ಒಂದು ಮುಂಗಾರಿನಲ್ಲಿ ರಾಶಿಯ ಮೇಲೆ ಬಿದ್ದ ಮಳೆ ಕಪ್ಪಗೆ ಹರಿದು ಬಾವಿಯ ಹತ್ತು ಮಾರು ದೂರಕ್ಕೆ ಬಂದು ನಿಂತಿತು. ಅಜ್ಜ ಮಣ್ಣಿನ ಒಡ್ಡು ಹಾಕಿ ತಡೆದ. ಮುಂದಿನ ಮಳೆಗಾಲಕ್ಕೆ ಒಡ್ಡು ತಡೆಯುವುದಿಲ್ಲ ಎಂದು ಅವನೇ ಹೇಳಿದ. ನನ್ನ ಮಗಳು ಆಗ ಮೊಲೆ ಬಿಟ್ಟು ಲೋಟದಲ್ಲಿ ನೀರು ಕುಡಿಯಲು ಕಲಿಯುತ್ತಿದ್ದಳು. ಆ ಬಾವಿ ಕೆಟ್ಟರೆ ನಮ್ಮ ಓಣಿಗೆ ಬೇರೆ ಸಿಹಿನೀರಿಲ್ಲ. ನಾನು ಮನೆಗೆ ಬಂದು ಕೊಡವನ್ನು ಕುಕ್ಕಿ, ಈ ಊರಿನ ಗಂಡಸರಿಗೆಲ್ಲ ಒಂದೊಂದು ಲೋಟ ಆ ಕಪ್ಪು ನೀರು ಕುಡಿಸಬೇಕು ಎಂದು ಕೂಗಾಡಿದೆ. ಗಂಡ ಹೊರಗೆ ಎದ್ದು ಹೋದರು. ಅತ್ತೆ ಜೋಳ ಹಸನು ಮಾಡುವುದನ್ನು ನಿಲ್ಲಿಸಿ, ನಾನು ತಂದ ಕೊಡದ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದರು.

ಅತ್ತೆಯ ವಿಷಯ ಹೇಳಬೇಕು. ಅವರ ತವರು ಕುರ್ತಕೋಟಿ, ಒಕ್ಕಲುತನದ ದೊಡ್ಡ ಮನೆತನ. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದರು. ಪುರಸಭೆಯಲ್ಲಿ ಹೆಂಗಸರಿಗೆಂದು ಮೀಸಲಾಗಿದ್ದ ಜಾಗಕ್ಕೆ ಯಾರನ್ನು ನಿಲ್ಲಿಸುವುದೆಂಬ ಪ್ರಶ್ನೆ ಬಂದಾಗ ಊರ ದೊಡ್ಡವರೆಲ್ಲ ಕೂಡಿ ಇವರ ಹೆಸರು ಹೇಳಿದರು. ಮಾತು ಕಡಿಮೆ, ಸಹಿ ಮಾಡಲು ಬರುತ್ತದೆ, ಮನೆ ಸಮೀಪವಿದೆ, ಚಹಾ ಕಳಿಸಿಕೊಡುತ್ತಾರೆ ಎನ್ನುವುದು ಅವರ ಲೆಕ್ಕ. ಮಾತು ಕಡಿಮೆ ಎನ್ನುವುದನ್ನು ಬಿಟ್ಟು ಉಳಿದದ್ದೆಲ್ಲ ಖರೆ ಇತ್ತು. ಅತ್ತೆ ಮೀಟಿಂಗಿನಲ್ಲಿ ರಾಶಿಯ ವಿಷಯ ಎತ್ತಿದಾಗ ಅಧ್ಯಕ್ಷರು, ಏಕೀಕರಣ ಆಗುವವರೆಗೆ ತಡೆಯಿರಿ ಎಂದರಂತೆ. ಅತ್ತೆ, ಹಾಗಾದರೆ ಆ ಕಸ ಮರಾಠಿ ಮಾತಾಡುತ್ತದೇನು ಎಂದು ಕೇಳಿದರಂತೆ. ಎಲ್ಲರೂ ನಕ್ಕರು, ಮೀಟಿಂಗು ಮುಗಿಯಿತು. ರಾಶಿ ಇದ್ದಲ್ಲೇ ಇತ್ತು.

ಆ ವರ್ಷದ ದೀಪಾವಳಿ ಪಾಡ್ಯದ ಬೆಳಿಗ್ಗೆ ಅತ್ತೆ ಸಗಣಿಯಿಂದ ಪಾಂಡವರನ್ನು ಮಾಡುತ್ತಿದ್ದರು. ನಮ್ಮ ಕಡೆ ಪಾಡ್ಯಕ್ಕೆ ಹೊಸಿಲು, ದನ ಮೇಯುವ ಗೋದಲಿ, ಹಿತ್ತಲು, ತಿಪ್ಪೆ ಎಲ್ಲಕ್ಕೂ ಈ ಸಗಣಿಯ ಪಾಂಡವರನ್ನಿಟ್ಟು, ಉತ್ತರಾಣಿ ಕಡ್ಡಿ, ಚೆಂಡುಹೂ ಚುಚ್ಚಿ ಪೂಜೆ ಮಾಡುತ್ತಾರೆ. ತಿಪ್ಪೆಗೆ ಪೂಜೆ ಯಾಕೆ ಎಂದು ಪೇಟೆಯವರು ನಗಬಹುದು. ನಮ್ಮಲ್ಲಿ ತಿಪ್ಪೆ ಆಸ್ತಿ. ಅಣ್ಣತಮ್ಮಂದಿರು ಪಾಲಾದರೆ ತಿಪ್ಪೆಯನ್ನೂ ಪಾಲು ಮಾಡಿಕೊಳ್ಳುತ್ತಾರೆ. ಒಂದು ತಿಪ್ಪೆ ಯಾರದೆಂದು ತಕರಾರು ಬಂದರೆ, ಪಾಡ್ಯಕ್ಕೆ ಪಾಂಡವರನ್ನು ಇಟ್ಟವರು ಯಾರು ಎಂದು ಹಿರಿಯರು ಕೇಳುತ್ತಾರೆ. ಇಟ್ಟವರದೇ ತಿಪ್ಪೆ. ಅಲ್ಲಿಗೆ ತಕರಾರು ಮುಗಿಯಿತು. ಇಟ್ಟವರು ಮಳೆಗಾಲದೊಳಗೆ ಅದನ್ನು ಹೇರಿ ಮುಗಿಸಬೇಕು, ಇನ್ನೊಬ್ಬರ ತಿಪ್ಪೆಯಲ್ಲಿ ಯಾರೂ ಗಾಜು ಮುಳ್ಳು ಎಸೆಯುವಂತಿಲ್ಲ. ಇದನ್ನು ಎತ್ತು ಹೊಡೆಯುವ ಹುಡುಗರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಮನೆಯ ಪೂಜೆ ಮುಗಿದ ಮೇಲೆ ಅತ್ತೆಯ ಹರಿವಾಣದಲ್ಲಿ ಇನ್ನೂ ಐದು ಪಾಂಡವರು ಉಳಿದಿದ್ದರು. ಯಾವುದಕ್ಕೆ ಎಂದು ಕೇಳಿದೆ. ಬಾ ಎಂದರು. ನಾನು ಮಗಳನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಹೊರಟೆ. ಅವರು ಹಳ್ಳ ದಾಟಿ ಹದ್ದಿನ ಕಲ್ಲನ್ನು ಬಳಸಿ ಹೋಗಿ, ಗಾಜಿನ ಚೂರುಗಳ ನಡುವೆ ಹುಷಾರಾಗಿ ಕಾಲಿಡುತ್ತ ಆ ಮಹಾರಾಶಿಯ ಮೇಲೆ ಐದು ಪಾಂಡವರನ್ನು ಸಾಲಾಗಿ ಇಟ್ಟು, ಹೂ ಏರಿಸಿ, ಕಾಯಿ ಒಡೆದರು. ನೀರಿಗೆ ಬಂದ ಈಚೆಯ ಹೆಂಗಸರೂ ಹಬ್ಬಕ್ಕೆಂದು ಹೊಲಕ್ಕೆ ಬಂದ ಆಚೆಯ ಜನರೂ ನೋಡುತ್ತ ನಿಂತರು. ಹಿಂಜುವ ಅಜ್ಜ ಬಾವಿಗಟ್ಟೆಯಿಂದ ಕೇಳಿದ, "ಏನವಾ ಇದು, ಯಾರ ತಿಪ್ಪಿ ಅಂತ ಪೂಜಿ ಮಾಡಿದಿ?"

"ನಂದು" ಎಂದರು ಅತ್ತೆ. "ಇಷ್ಟು ವರ್ಸ ಯಾರದೂ ಅಲ್ಲ ಅಂತಿದ್ರಲ್ಲ, ಇವತ್ತಿನಿಂದ ನಂದು. ನಾ ಊರಿನ ಮೆಂಬರ ಅದೀನಿ."

ಊರೆಲ್ಲ ನಕ್ಕಿತು. ಅಧ್ಯಕ್ಷರು ತಮ್ಮ ಅಂಗಡಿಯ ಗಾದಿಯ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಮ್ಮ ಮಾವ ಸಜ್ಜನರು. ಅಡಿಕೆ ಕತ್ತರಿಸುತ್ತ, ಮನೆಯಲ್ಲಿದ್ದ ತಿಪ್ಪೆ ಸಾಲದೆ ಹೋಯಿತೇನು ಎಂದಷ್ಟೇ ಅಂದರು. ನನ್ನ ಗಂಡ ಎರಡು ದಿನ ಪೇಟೆಯ ಕಡೆ ಹಾಯಲಿಲ್ಲ. ನನಗೆ ಒಳಗೊಳಗೇ ಭಯವಾಗಿತ್ತು. ಕಸ ನಮ್ಮದೆಂದು ಒಪ್ಪಿಕೊಂಡ ಮೇಲೆ ಬಾವಿ ಕೆಟ್ಟರೆ ಅದೂ ನಮ್ಮ ತಲೆಗೇ ಬರುವುದಲ್ಲವೆ?

ಪಾಡ್ಯ ಕಳೆದು ಮರುದಿನ ಚಕ್ಕಡಿ ಬರುವ ಹೊತ್ತಿಗೆ ಅತ್ತೆ ರಾಶಿಯ ಮುಂದೆ ನಿಂತಿದ್ದರು. ಕೊಳೆಯುವುದು ಇಳಿಸು, ಗಾಜು ತಗಡು ನನ್ನ ತಿಪ್ಪೆಗೆ ಬೇಡ ಎಂದರು. ಚಕ್ಕಡಿ ಹೊಡೆಯುವವನು ತಟ್ಟನೆ ಹಗ್ಗ ಜಗ್ಗಿ ಎತ್ತು ನಿಲ್ಲಿಸಿದ. ಪುರಸಭೆಯ ಹುಕುಮನ್ನು ಅವನು ಮೀರಬಹುದಿತ್ತು, ಪಾಂಡವರನ್ನಿಟ್ಟ ತಿಪ್ಪೆಯ ಮಾಲಕಿಯ ಮಾತು ಮೀರುವುದು ಸಾಧ್ಯವಿರಲಿಲ್ಲ. ಆದರೆ ಚಕ್ಕಡಿಯಾಕಿ ಬುಟ್ಟಿ ಕೆಳಗಿಟ್ಟು ಅತ್ತೆಯ ಎದುರಿಗೆ ಬಂದಳು. ಕುಂಟುತ್ತಿದ್ದಳು. ಸಿಟ್ಟು ಮಾಡಿದವಳ ಹಾಗೆ ಕಾಣಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿದ್ದವಳ ಹಾಗೆ ಕೇಳಿದಳು. "ತಿಪ್ಪಿ ನಿಮ್ಮದಂತೀರಿ, ಆತ್ರಿ. ಗಾಜು ಬ್ಯಾಡಂತೀರಿ, ಅದೂ ಆತು. ನನ್ನ ಕಾಲಾಗ ಹೊಕ್ಕೈತಲ್ರಿ ಅವ್ವಾರ, ಆ ಗಾಜು ಯಾರದು?"

ಅತ್ತೆ ಕಾಲು ತೋರಿಸು ಎಂದರು. ಅವರು ಅವಳನ್ನು ಬದುವಿನ ಮೇಲೆ ಕೂಡಿಸಿ, ಕಾಲನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಬೀಗದ ಕೈಗೊಂಚಲಿನಲ್ಲಿ ಸದಾ ಇರುತ್ತಿದ್ದ ಮುಳ್ಳು ತೆಗೆಯುವ ಚಿಮಟಿಗೆಯಿಂದ ಚೂರನ್ನು ಎಳೆದು ತೆಗೆದರು. ತೊಳೆಯಲು ನೀರು ಬೇಕಿತ್ತು. ನಾನು ಬಾವಿಯಿಂದ ಸೇದಿ ತಂದು ಮೇಲಿನಿಂದ ಹುಯ್ದೆ. ಬಾವಿ ಅಲ್ಲೇ ಎದುರಿಗಿತ್ತು. ಆದರೆ ಅವಳ ಕೇರಿಯವರು ಆ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ, ಯಾರಾದರೂ ಸೇದಿ ಹುಯ್ಯುವವರೆಗೆ ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು. ಅಜ್ಜ ಬೇಡವೆಂದವನಲ್ಲ, ಬೇಡವೆಂದವರು ನಮ್ಮ ಓಣಿಯವರೇ. ಊರಿನ ಕಸ ಅವಳ ತಲೆಯ ಮೇಲೆ ಬರಬಹುದು, ಊರಿನ ನೀರು ಅವಳ ಕೈಯಿಂದ ಬರಬಾರದು.

ಗಾಜು ತಗಡೆಲ್ಲ ತುಂಬಿದ ಚಕ್ಕಡಿಯನ್ನು ಎಲ್ಲಿ ಇಳಿಸಲಿ ಎಂದು ಅವಳ ಗಂಡ ಕೇಳಿದ್ದಕ್ಕೆ ಅತ್ತೆ, ಎಲ್ಲಿಂದ ಹುಕುಮು ಬಂತೋ ಅಲ್ಲಿಗೆ ಒಯ್ದು ಇಳಿಸು ಎಂದರು. ಅವನು ನೆಟ್ಟಗೆ ಪುರಸಭೆಯ ಅಂಗಳಕ್ಕೆ ಹೋಗಿ ಇಳಿಸಿದ. ಮರುದಿನವೂ ಇಳಿಸಿದ. ವಾರ ಕಳೆಯುವುದರೊಳಗೆ ಆಫೀಸಿನ ಮೆಟ್ಟಿಲ ತನಕ ಬಾಟಲಿ ಚೂರು, ಜಂಗು ಹಿಡಿದ ಪಟ್ಟಿ, ತೂತುಬಿದ್ದ ಡಬ್ಬಿ. ತೆರಿಗೆ ಕಟ್ಟಲು ಬಂದವರು ಧೋತರ ಎತ್ತಿ ಹಿಡಿದು ಹೆಜ್ಜೆ ಹುಡುಕುತ್ತಿದ್ದರು. ಅಧ್ಯಕ್ಷರು ನಗುವುದನ್ನು ಬಿಟ್ಟರು. ಮನುಷ್ಯ ಕೆಟ್ಟವರಲ್ಲ. ಹಾರ ಹಾಕಿಸಿಕೊಳ್ಳುವುದು, ನಾಲ್ಕು ಮಾತು ಆಡುವುದು ಎಂದರೆ ಪ್ರಾಣ. ಕೆಲಸ ಎಂದರೆ ಮಾತ್ರ ಸ್ವಲ್ಪ ದೂರ.

ಒಂದು ಸಂಜೆ ಅವರೇ ನಮ್ಮ ಮನೆಗೆ ಬಂದರು. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ನಿಮ್ಮ ತಿಪ್ಪೆಗೆ ಬೇಡವಾದದ್ದು ನಮ್ಮ ಆಫೀಸಿಗೆ ಯಾಕೆ ಬರಬೇಕು ಎಂದು ಕೇಳಿದರು. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದರು.

"ತಿಪ್ಪಿ ನಂದು ಅಂದದ್ದಕ್ಕ ನೀವ ನಕ್ರಿ" ಎಂದರು. "ನಂದಾದ್ರ ನಾ ಹೇಳಿದಂಗ ನಡೀಬೇಕು. ಅಲ್ಲ, ಅದು ನಮ್ಮೆಲ್ಲಾರದು ಅಂತೀರೇನು, ಹಂಗಾರ ಮೀಟಿಂಗ್ ಕರೀರಿ. ನಡುವ ಇನ್ನೊಂದು ದಾರಿ ನನಗ ಗೊತ್ತಿಲ್ರಿ."

ಅಧ್ಯಕ್ಷರು ಕಪ್ಪು ಕೆಳಗಿಟ್ಟರು. ಅವರೂ ಒಕ್ಕಲಿಗರ ಮನೆಯಲ್ಲಿ ಹುಟ್ಟಿದವರು, ಅವರ ತಾಯಿಯೂ ಪಾಡ್ಯಕ್ಕೆ ಪಾಂಡವರನ್ನಿಟ್ಟವಳು. ಎದ್ದು ಹೋಗುವಾಗ, ಆಚೆಯ ಹಳ್ಳಿಯವರನ್ನೂ ಮೀಟಿಂಗಿಗೆ ಕರೆಯೋಣವೇನು ಎಂದು ಕೇಳಿದರು. ಆ ಮಾತು ಕೇಳಿ ಒಳಗೆ ರೊಟ್ಟಿ ತಟ್ಟುತ್ತಿದ್ದ ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತೆ.

ಮೀಟಿಂಗಿನಲ್ಲಿ ಜಗಳಕ್ಕೇನೂ ಕಡಿಮೆ ಇರಲಿಲ್ಲವಂತೆ. ಆದರೂ ಒಂದಿಷ್ಟು ಮಾತು ನಿಕ್ಕಿಯಾದವು. ಗಾಜು ತಗಡಿಗೆ ಗುಡ್ಡದ ಬುಡದಲ್ಲಿ ಹಾಳುಬಿದ್ದ ಕಲ್ಲಿನ ಖಣಿ. ಅಂಗಡಿ ಮತ್ತು ಜಿನ್ನಿನವರು ಅದನ್ನು ಬೇರೆ ಬುಟ್ಟಿಯಲ್ಲಿ ಇಡಬೇಕು, ಇಡದಿದ್ದರೆ ಚಕ್ಕಡಿ ಅವರ ಮುಂದೆ ನಿಲ್ಲುವುದಿಲ್ಲ. ಕೊಳೆಯುವ ಕಸಕ್ಕೆ ಹಳ್ಳದ ಈಚೆ ನಮ್ಮ ಕಡೆಯಲ್ಲೇ ಗುಂಡಿ. ಹಳೆಯ ರಾಶಿಯನ್ನು ಮುಂಗಾರಿಗೆ ಮುಂಚೆ ಎತ್ತುವುದು ಪುರಸಭೆಯ ಜವಾಬ್ದಾರಿ. ಕೊನೆಗೆ ಅತ್ತೆ ಇನ್ನೊಂದು ಸೇರಿಸಿದರು, ಚಕ್ಕಡಿಯ ಹಿಂದೆ ನಡೆಯುವವರಿಗೆ ಗಟ್ಟಿ ಚಪ್ಪಲಿ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ವಾದ ನಡೆಯಿತೆಂದು ಅತ್ತೆ ಬಂದು ಹೇಳಿದಾಗ ನಾನು ಹಲ್ಲು ಕಡಿದೆ.

ಹೇರುವ ದಿನ ಬಂದಾಗ ಪುರಸಭೆಗೆ ಇದ್ದ ಚಕ್ಕಡಿ ಯಾವ ಮೂಲೆಗೂ ಸಾಲುವಂತಿರಲಿಲ್ಲ. ಆದರೆ ತಿಪ್ಪೆ ಹೇರುವುದೆಂದರೆ ನಮ್ಮಲ್ಲಿ ಮುಯ್ಯಿ: ಇವತ್ತು ನಿಮ್ಮದಕ್ಕೆ ನಮ್ಮ ಚಕ್ಕಡಿ, ನಾಳೆ ನಮ್ಮದಕ್ಕೆ ನಿಮ್ಮದು. ಅತ್ತೆಯ ತವರಿನಿಂದ ಕುರ್ತಕೋಟಿಯ ಚಕ್ಕಡಿಗಳು ಹಿಂದಿನ ದಿನವೇ ಬಂದಿಳಿದವು. ಮುಯ್ಯಿ ಎಂದ ಮೇಲೆ ಆಚೆಯ ಹಳ್ಳಿಯವರೂ ಸುಮ್ಮನಿರಲಿಲ್ಲ. ಹೆಂಗಸರು ಹಾರೆ ಗುದ್ದಲಿ ಹಿಡಿದು ಗಾಜು ಬೇರೆ ಮಾಡಿದರು. ಅಧ್ಯಕ್ಷರು ಧೋತರದ ಕಚ್ಚೆ ಬಿಗಿದು ಒಂದು ಬುಟ್ಟಿ ಎತ್ತಿ ಹಾಕಿ, ಜನ ನೋಡುತ್ತಿದ್ದಾರೆಂದು ಇನ್ನೊಂದು ಎತ್ತಿ, ಸೊಂಟ ಹಿಡಿದುಕೊಂಡು ನೆರಳಿಗೆ ಹೋದರು. ಆದರೆ ಬಂದವರಿಗೆಲ್ಲ ಗೋಧಿ ಹುಗ್ಗಿಯ ಊಟ ಪುರಸಭೆಯದೇ ಎಂದು ಹಠ ಹಿಡಿದವರೂ ಅವರೇ. ತಿಪ್ಪೆ ನಮ್ಮದು, ಊಟ ಇನ್ನೊಬ್ಬರ ಮನೆಯದಾದರೆ ಮರ್ಯಾದೆ ಹೋಗುತ್ತದೆ ಎಂದರಂತೆ. ಅತ್ತೆ ಅದನ್ನು ನನಗೆ ಮತ್ತೆ ಮತ್ತೆ ಹೇಳಿ ನಕ್ಕರು.

ಮುಂಗಾರು ಬಂತು. ಬರಿದಾದ ಜಾಗದಲ್ಲಿ ಹರಿದ ನೀರು ಕೆಂಪಗೆ ಮಣ್ಣಿನ ಬಣ್ಣದ್ದೇ ಇತ್ತು. ಯಾರೂ ಬಿತ್ತದಿದ್ದರೂ ಅಲ್ಲೆಲ್ಲ ಕುಂಬಳಬಳ್ಳಿ ಎದ್ದು ಹಬ್ಬಿ, ಏಕೀಕರಣದ ಮೆರವಣಿಗೆ ಹೊರಡುವ ಹೊತ್ತಿಗೆ ಕೊಪ್ಪರಿಗೆಯಂಥ ಕಾಯಿಗಳನ್ನು ಹೊತ್ತು ನಿಂತಿತ್ತು. ಆಗ ನೋಡಬೇಕಿತ್ತು. ಇಷ್ಟು ವರ್ಷ ಯಾರದೂ ಅಲ್ಲದ ಆ ನೆಲ, ಈಚೆಯವರಿಗೂ ನಮ್ಮದು, ಆಚೆಯವರಿಗೂ ನಮ್ಮದು. ಕಸ ನಮ್ಮದಾಗಿತ್ತು, ಆದ್ದರಿಂದ ಕಾಯಿ ನಮ್ಮದು ಎಂದು ಪುರಸಭೆ. ಹದ್ದು ನಮ್ಮದು, ಕಾಯಿಯೂ ನಮ್ಮದು ಎಂದು ಹಳ್ಳಿ. ನಾಡು ಒಂದಾದ ವಾರವೇ ಕುಂಬಳಕಾಯಿಗಾಗಿ ಎರಡು ಪಂಗಡ. ಅತ್ತೆ ಎರಡೂ ಕಡೆಯವರನ್ನು ಬಾವಿಗಟ್ಟೆಯ ಮೇಲೆ ಕೂಡಿಸಿ, ಕಾಯಿ ಇಬ್ಬರೂ ಒಯ್ಯಿರಿ, ಬರುವ ಬೇಸಿಗೆಗೆ ಬಾವಿಯ ಹೂಳನ್ನೂ ಇಬ್ಬರೂ ತೆಗೆಯಿರಿ ಎಂದರು. ಅಜ್ಜ ತಲೆಯಾಡಿಸಿದ. ಆ ವಾರ ಎರಡೂ ಊರಿನಲ್ಲಿ ಮನೆಮನೆಗೆ ಕುಂಬಳಕಾಯಿಯ ಗಾರಿಗೆ.

ಬೇಸಿಗೆಯಲ್ಲಿ ಹೂಳು ತೆಗೆಯಲು ಮಾತಿನಂತೆ ಎರಡೂ ಕಡೆಯವರು ಬಂದರು. ಹಗ್ಗ ಜಗ್ಗಲು ಎಲ್ಲರೂ ಇದ್ದರು. ಒಳಗೆ ಇಳಿಯುವುದು ಯಾರೆಂಬ ಪ್ರಶ್ನೆಯೇ ಏಳಲಿಲ್ಲ, ಚಕ್ಕಡಿಯಾಕಿಯ ಗಂಡ ಇಳಿದ. ಮೊದಲಿನಿಂದಲೂ ಹಾಗೇ ನಡೆದಿತ್ತು. ಬಾವಿಯೊಳಗೆ ಕೊರಳಮಟ ಕೆಸರಿನಲ್ಲಿ ನಿಲ್ಲಲು ಅಡ್ಡಿ ಇರಲಿಲ್ಲ, ಮೇಲಿನ ಕಟ್ಟೆಯಿಂದ ಸೇದಲು ಮಾತ್ರ ಅಡ್ಡಿ. ಅತ್ತೆ ಅವತ್ತು ಇಡೀ ದಿನ ಅದನ್ನೇ ನೋಡುತ್ತ ನಿಂತಿದ್ದರು.

ಎರಡು ದಿನ ಬಿಟ್ಟು ನೀರು ತಿಳಿಯಾಯಿತು. ಗಂಗೆಯ ಪೂಜೆ ಮಾಡಿ, ಮೊದಲ ಕೊಡ ಮೆಂಬರಬಾಯಿಯೇ ಸೇದಲಿ ಎಂದು ಎಲ್ಲರೂ ಹೇಳಿದರು. ಅತ್ತೆ ಹಗ್ಗ ಕೈಯಲ್ಲಿ ಹಿಡಿದು, ದೂರ ನಿಂತಿದ್ದ ಚಕ್ಕಡಿಯಾಕಿಯನ್ನು ಕರೆದು, ನೀ ಸೇದು ಎಂದರು. ಅವಳು ಮುಂದೆ ಬರಲಿಲ್ಲ. "ಬ್ಯಾಡ್ರಿ ಅವ್ವಾರ. ಇವತ್ತ ನೀವು ನಿಂತೀರಿ, ಸೇದತೀನಿ. ನಾಳಿಗೆ ನಾ ಒಬ್ಬಾಕಿ ಬಂದಾಗ ನನ್ನ ಜೋಡಿ ಯಾರ ನಿಂದರ್ತಾರ?"

"ನಾಳಿಗೂ ನಾ ಬರ್ತೀನಿ" ಎಂದರು ಅತ್ತೆ. "ನಾಡದ್ದೂ ಬರ್ತೀನಿ."

ಅವಳು ಕಟ್ಟೆ ಹತ್ತಿ ಸೇದಿದಳು. ರೂಢಿ ಇಲ್ಲದೆ ಅರ್ಧ ನೀರು ಬಾವಿಗೇ ಬಿತ್ತು. ಹಲವು ಮನೆಯವರು ಕೊಡ ಎತ್ತಿಕೊಂಡು ಹಾಗೇ ತಿರುಗಿ ಹೋದರು. ಅವರೆಲ್ಲ ಕೆಲವು ದಿನ ಸವಳು ನೀರು ಕುಡಿದರು. ಬೇಳೆ ಬೇಯಲಿಲ್ಲ, ಗಂಡಸರು ಊಟಕ್ಕೆ ಕುಳಿತು ಗೊಣಗಿದರು. ಬಿಸಿಲು ಏರಿದಂತೆ ಒಬ್ಬೊಬ್ಬರಾಗಿ ಮರಳಿ ಬಂದರು, ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು. ಅತ್ತೆ ದಿನಾ ಬೆಳಿಗ್ಗೆ ಅವಳು ಬರುವ ಹೊತ್ತಿಗೆ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದರು. ಬತ್ತಿ ಹೊಸೆಯುತ್ತ ಕೂಡುವುದು, ಅವಳು ಹೋದ ಮೇಲೆ ಎದ್ದು ಬರುವುದು.

ಆಮೇಲೊಮ್ಮೆ ಅತ್ತೆಗೆ ಚಳಿಜ್ವರ ಬಂತು. ಎದ್ದು ಕೂಡುವ ತ್ರಾಣವೂ ಇರಲಿಲ್ಲ. ಆದರೂ ಬೆಳಿಗ್ಗೆ 'ಬಾವಿ, ಬಾವಿ' ಎಂದು ಹೊದಿಕೆ ಸರಿಸಿ ಕಾಲು ಕೆಳಗಿಡಲು ನೋಡಿದರು. ನಾನು ಹೋಗುತ್ತೇನೆ ಎಂದು ಹೇಳಿ ಮಲಗಿಸಿದೆ. ಮಗಳು ಅತ್ತು ಕಾಲಿಗೆ ಸುತ್ತಿಕೊಂಡಿದ್ದರಿಂದ ಹೊರಡುವುದು ತಡವಾಯಿತು. ಕೊಡ ತೆಗೆದುಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಚಕ್ಕಡಿಯಾಕಿ ನಮ್ಮ ಕಟ್ಟೆಯ ಕೆಳಗೆ ನಿಂತಿದ್ದಳು. ತಲೆಯ ಮೇಲೆ ತುಂಬಿದ ಕೊಡ, ಸೀರೆ ಎದೆಯ ತನಕ ತೊಯ್ದಿತ್ತು, ಕಾಲಲ್ಲಿ ಪುರಸಭೆಯ ಚಪ್ಪಲಿ.

"ಇವತ್ತ ಕಟ್ಟಿ ಮ್ಯಾಲ ಅವ್ವಾರು ಕಾಣಲಿಲ್ಲ" ಎಂದಳು. "ಭಾಳ ಮಂದಿ ಇದ್ರು. ನಾ ಒಬ್ಬಾಕಿ ಹತ್ತಿ ಸೇದಿದ್ನಿ."

ಯಾರಾದರೂ ಏನಾದರೂ ಅಂದರೇನು ಎಂದು ಕೇಳಿದೆ. ಅಂದರು, ಎಂದಳು. ಒಳಗಿನಿಂದ ಅತ್ತೆ ಯಾರು ಬಂದಿದ್ದಾರೆಂದು ಕೂಗಿದರು. ನಾನು ಅವಳನ್ನು ಒಳಗೆ ಬಾ ಎಂದೆ. ಅವಳು ಚಪ್ಪಲಿ ಬಿಟ್ಟು, ಹೊಸಿಲ ಮುಂದೆ ಒಂದು ಕ್ಷಣ ತಡೆದು, ದಾಟಿ ಬಂದಳು. ಮಾವ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು. ಆಮೇಲೆ ತಾವೇ ಎದ್ದು, ಗೂಡಿನಲ್ಲಿದ್ದ ಹಿತ್ತಾಳೆಯ ಲೋಟ ತೆಗೆದು ಅವಳ ಕೈಗೆ ಕೊಟ್ಟರು.

ಅವಳು ತನ್ನ ಕೊಡದಿಂದ ಬಗ್ಗಿಸಿ ಲೋಟ ತುಂಬಿದಳು. ಅತ್ತೆ ಗೋಡೆಗೆ ಒರಗಿ ಎದ್ದು ಕುಳಿತು, ಎರಡೂ ಕೈಯಿಂದ ಲೋಟ ಹಿಡಿದು, ಉಸಿರು ತೆಗೆದುಕೊಳ್ಳದೆ ಕುಡಿದರು. ಕುಡಿದು ಬರಿದಾದ ಲೋಟವನ್ನು ಮತ್ತೆ ಅವಳ ಮುಂದೆ ಹಿಡಿದು, ಇನ್ನಷ್ಟು ಹಾಕು ಎಂದರು.